ಮೂಲೆಯ ರಾಶಿ

ಆ ಅಂಗಡಿಯಲ್ಲಿ ಸೀರೆ ಬಿಚ್ಚುವ ಮೊದಲು ಒಂದೇ ಪ್ರಶ್ನೆ ಕೇಳುತ್ತಾರೆ.

“ಉಡೋದಕ್ಕಾ, ಕೊಡೋದಕ್ಕಾ?”

“ಕೊಡೋದಕ್ಕೆ. ಮಗಳ ಮದುವೆ, ನೆಂಟರಿಗೆ ಹನ್ನೆರಡು ಬೇಕು,” ಎಂದರು ಅತ್ತೆ.

ಅಂಗಡಿಯವನು ಮೂಲೆಯಲ್ಲಿದ್ದ ರಾಶಿಯನ್ನು ಎಳೆದು ಮುಂದೆ ಹಾಕಿದ. ಸೊಸೆ ಒಂದನ್ನು ಮುಟ್ಟಿ ನೋಡಿದಳು.

“ಬಣ್ಣ ಬಿಡುತ್ತೇನೋ, ಅತ್ತೆ.”

“ಬಿಡ್ಲಿ. ಕೊಡೋ ಸೀರೆಗೆ ಅಂಚು ಮಿಂಚಿದ್ರೆ ಸಾಕು. ಯಾರು ಉಡ್ತಾರೆ ಅದನ್ನ? ಅವರೂ ಇನ್ನೊಬ್ಬರಿಗೆ ದಾಟಿಸ್ತಾರೆ. ಸಂಸಾರ ಮಾಡೋಳು ಇದನ್ನೆಲ್ಲ ಕಲೀಬೇಕು.”

“ಹೂಂ, ಅತ್ತೆ.”

“ಬೇಗ ಮುಗಿಸೋಣ. ನಿಮ್ಮಮ್ಮ ಅವರ ಗೃಹಪ್ರವೇಶಕ್ಕೆ ನಿಮ್ಮತ್ತೆಗೊಂದು ಸೀರೆ ಆರಿಸು ಅಂತ ನಿನ್ನ ಕೈಲಿ ದುಡ್ಡು ಕೊಟ್ಟಿದಾರಲ್ಲ, ಅದನ್ನ ನಿಧಾನವಾಗಿ ನೋಡ್ಬೇಕು. ರೇಷ್ಮೇನೇ ಇರ್ಲಿ.”

ಸೊಸೆ ತಾನು ಉಟ್ಟಿದ್ದ ನೇರಳೆ ಸೀರೆಯ ಸೆರಗನ್ನು ಸರಿಮಾಡಿಕೊಂಡಳು. ಅದು ನಿಶ್ಚಿತಾರ್ಥದಲ್ಲಿ ಅತ್ತೆ ಕೊಟ್ಟ ಸೀರೆ. ಹಾಳಾದೀತೆಂದು ಇನ್ನೂ ಒಮ್ಮೆಯೂ ನೀರಿಗೆ ಹಾಕಿರಲಿಲ್ಲ.

ಅಂಗಡಿಯವನು ಅದನ್ನೇ ನೋಡುತ್ತಿದ್ದ.

“ಇದು ನಮ್ಮಲ್ಲೇ ತಗೊಂಡಿದ್ದಲ್ವಾ, ಅಮ್ಮ? ಹೋದ ವರ್ಷ ಈ ರಾಶೀಲೇ ಎತ್ಕೊಂಡ್ರಿ, ನೆನಪಿದೆ. ಈ ಸಲ ನೇರಳೆ ಬಂದಿಲ್ಲ.”

ಅತ್ತೆ ಚೀಲದೊಳಗೆ ಕೈ ಹಾಕಿ ಕನ್ನಡಕ ಹುಡುಕತೊಡಗಿದರು. ಕನ್ನಡಕ ಮೂಗಿನ ಮೇಲೇ ಇತ್ತು.

ಹನ್ನೆರಡು ಸೀರೆ ಕಟ್ಟಿಟ್ಟು ಅಂಗಡಿಯವನು ಸೊಸೆಯ ಕಡೆ ತಿರುಗಿದ.

“ನಿಮಗೆ ಯಾವುದು ತೋರಿಸ್ಲಿ, ಅಕ್ಕ? ಉಡೋದಕ್ಕಾ, ಕೊಡೋದಕ್ಕಾ?”

“ಕೊಡೋದಕ್ಕೆ,” ಎಂದಳು ಸೊಸೆ.