ಆಚಾರ್ಯರ ಪ್ಯಾನೆಲ್, ಉಚ್ಚೀರಪ್ಪನ ಧೂಳು

"ಮಧ್ಯಾಹ್ನದ ಪೂಜಿ ಮುಗಿಯೋ ತನಕಾ ಯಾರೂ ಮಾಳಿಗಿ ಹತ್ತಬಾರದು!" ವಾಸುದೇವಾಚಾರ್ಯರು ಮೆಟ್ಟಿಲಿಗೆ ಅಡ್ಡ ನಿಂತು ಗುಡುಗಿದರು. "ಮ್ಯಾಲೆ ಮಡಿ ಅದ!"

ಆದೋನಿಯಿಂದ ಬಂದಿದ್ದ ಸೋಲಾರ್ ಎಂಜಿನಿಯರ್ ಅಶ್ವಿನಿ ಗಡಿಯಾರ ನೋಡಿದಳು. ಹತ್ತೂವರೆ.

ನಂದವರಂನ ಇಡೀ ಓಣಿ ಅಲ್ಲಿ ನೆರೆದಿತ್ತು. ಪಕ್ಕದ ಮನೆಯ ಉಚ್ಚೀರಪ್ಪನ ಕುರಿಗಳು ಎಬ್ಬಿಸುವ ಧೂಳು ಹತ್ತಿ ತಮ್ಮ ಮಾಳಿಗೆಯ ಪ್ಯಾನೆಲ್‌ಗಳ ಕರೆಂಟು ಅರ್ಧಕ್ಕರ್ಧ ಬಿದ್ದಿದೆ ಎಂದು ಆಚಾರ್ಯರ ದೂರು. ಎಂಜಿನಿಯರ್ ಹೌದೆಂದರೆ ಉಚ್ಚೀರಪ್ಪ ತನ್ನ ಅಜ್ಜನ ಕಾಲದ ಕುರಿದೊಡ್ಡಿಯನ್ನು ಊರಾಚೆಗೆ ಒಯ್ಯಬೇಕು. ಹಿರಿಯರ ಮುಂದೆ ಮಾತಾಗಿತ್ತು. ಗೆದ್ದೇಬಿಟ್ಟೆ ಎಂಬ ಖುಷಿಗೆ ಆಚಾರ್ಯರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

"ದಿನಾ ಮುಂಜಾನೆ ಸ್ನಾನ ಮಾಡಿ ನಾನೇ ಮ್ಯಾಲೆ ಹೋಗಿ ಪ್ಯಾನೆಲ್ ತೊಳೀತೀನಮ್ಮ. ಆದ್ರೂ ಮಧ್ಯಾಹ್ನದ ತನಕಾ ಮೀಟರ್ ತೆವಳತದ. ಆಮ್ಯಾಲೆ ಓಡತದ!"

"ಮಧ್ಯಾಹ್ನಕ್ಕ ಧೂಳು ಎಲ್ಲಿ ಹೋಗ್ತೈತ್ರಿ?" ಎಂದಳು ಅಶ್ವಿನಿ.

"ಗಾಳಿಗೆ ಹಾರಿಹೋಗ್ತದ." ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು.

ಅಶ್ವಿನಿ ಫೋನಿನಲ್ಲಿ ಲೆಕ್ಕ ತೆಗೆದಳು. "ಹೋದ ವಾರ ಮೂರು ದಿನ ಮುಂಜಾನೇನೂ ಫುಲ್ ಬಂದೈತಲ್ರಿ?"

"ಆಗ ನಾ ಮಂತ್ರಾಲಯಕ್ಕ ಹೋಗಿದ್ದೆ. ನೋಡ್ರಿ ಮತ್ತ! ನಾ ಊರಾಗ ಇದ್ದಾಗಷ್ಟೇ ಹಟಕ್ಕ ಧೂಳು ಎಬ್ಬಸ್ತಾನ ಇಂವ."

"ಆ ಮೂರು ದಿನಾನೂ ಕುರಿ ಇಲ್ಲೇ ಅಡ್ಡಾಡ್ಯಾವ್ರಿ ಸ್ವಾಮೇರ," ಎಂದ ಉಚ್ಚೀರಪ್ಪ. "ನೀವು ಊರಾಗ ಇದ್ದೀರೋ ಇಲ್ಲೋ, ಅವಕ್ಕೇನು ಗೊತ್ತು?"

ಓಣಿ ಬಿದ್ದು ಬಿದ್ದು ನಕ್ಕಿತು. ಉಚ್ಚೀರಪ್ಪ ನಗಲಿಲ್ಲ. ದೊಡ್ಡಿ ಹೋಗುತ್ತದೆಂಬ ಭಯಕ್ಕೆ ಅವನ ಕಣ್ಣು ಅಶ್ವಿನಿಯ ಫೋನಿನ ಮೇಲೇ ಇತ್ತು.

"ಮುಟ್ಟದೇ ನೋಡಬಹುದಲ್ರಿ?" ಎಂದವಳೇ ಅಶ್ವಿನಿ ಸರಸರನೆ ಉಚ್ಚೀರಪ್ಪನ ಮಾಳಿಗೆ ಹತ್ತಿದಳು. ಎರಡು ಮಾಳಿಗೆಗಳ ನಡುವೆ ಇದ್ದದ್ದು ಮೊಣಕಾಲೆತ್ತರದ ಗೋಡೆ ಮಾತ್ರ.

ಆಚಾರ್ಯರು ತಡೆಯಲಿಲ್ಲ. ನೋಡಲಿ, ಕಣ್ಣಾರೆ ನೋಡಲಿ! ಕೆಳಗಿನಿಂದಲೇ ಕತ್ತೆತ್ತಿ ಕೂಗಿದರು: "ಕಂಡಿತೇನಮ್ಮಾ ಧೂಳು?"

ಮೇಲಿನಿಂದ ಮೊದಲು ನಗು ಕೇಳಿತು. ಅದು ನಿಲ್ಲಲು ತುಸು ಹೊತ್ತೇ ಹಿಡಿಯಿತು.

"ಒಂದು ಚೂರೂ ಇಲ್ರೀ ಆಚಾರ್ರೇ! ಯಾರೂ ಮುಟ್ಟಬಾರದಂತ ಕಂಬದಿಂದ ಕಂಬಕ್ಕ ಒಣಗಾಕ ಹಾಕೀರಲ್ಲ, ನಿಮ್ಮ ಹತ್ತು ಮೊಳದ ಮಡಿ ಪಂಚಿ, ಮಧ್ಯಾಹ್ನ ನೀವು ತೆಗಿಯೋ ತನಕಾ ನಾಲ್ಕೂ ಪ್ಯಾನೆಲ್ ಅದರ ನೆರಳಾಗ ಮಲಗಿರ್ತಾವ!"