ಮೇಷ್ಟ್ರ ತೋಪಿಗೊಂದು ಟ್ರ್ಯಾಕ್ಟರ್

ನಿವೃತ್ತ ಸಸ್ಯಶಾಸ್ತ್ರದ ಮೇಷ್ಟ್ರು ಒಂದೂವರೆ ಎಕರೆ ಮರದ ತೋಪು ಕೊಂಡಿದ್ದರು. ಅಲ್ಲಿ ಯಾರೂ ಒಂದು ಕೊಂಬೆಯನ್ನೂ ಮುರಿಯಕೂಡದೆಂದು ಊರಿಗೆಲ್ಲ ಭಾಷಣ ಬಿಗಿದಾಗಿತ್ತು. ಈಗ ತೋಪು ನೋಡಿಕೊಳ್ಳಲು ಹಳೇ ಟ್ರ್ಯಾಕ್ಟರೊಂದು ಬೇಕಿತ್ತು.

ಊರಿನ ಗೌಡರ ಕೊಟ್ಟಿಗೆ ಮುಂದೆ ಮಾರಾಟಕ್ಕೆ ನಿಂತಿದ್ದ ಟ್ರ್ಯಾಕ್ಟರಿನ ಇಂಜಿನ್ ಮುಟ್ಟಿ ನೋಡಿ, "ತಣ್ಣಗಿದೆ. ನಾನು ಬರೋ ಮೊದಲೇ ಸ್ಟಾರ್ಟ್ ಮಾಡಿಟ್ಟು ನಾಟಕ ಆಡಿಲ್ಲ ನೀವು, ಭೇಷ್!" ಎಂದರು. ಎಲ್ಲಾ ವಿಡಿಯೊ ನೋಡಿ ಕಲಿತ ವಿದ್ಯೆ. ಟೈರು ಒದ್ದರು, ಆಯಿಲ್ ಮೂಸಿದರು, ಸ್ಟಾರ್ಟ್ ಮಾಡಿಸಿ ಹೊಗೆಯ ಬಣ್ಣವನ್ನೂ ಪರೀಕ್ಷಿಸಿದರು.

ಗೌಡರು ಕೇಳಿದ್ದು ಒಂದೇ ಪ್ರಶ್ನೆ. "ಮರದಿಂದ ಮರಕ್ಕೆ ಎಷ್ಟು ಜಾಗ ಐತೆ ಸಾರ್?"

"ನಾಲ್ಕಡಿ."

"ಇದು ಆರಡಿ ಅಗಲ. ತೂರಾಕಿಲ್ಲ. ಚಿಕ್ಕದು ತಗೊಳ್ಳಿ."

"ಚಿಕ್ಕದಾ? ಮೇಲೆ ಕೂತರೆ ನಾಲ್ಕು ಜನ ತಿರುಗಿ ನೋಡಬೇಕು ಕಣ್ರೀ. ಅಡ್ಡ ಬರೋ ಮರ ತೆಗೆಸಿದ್ರಾಯ್ತು."

"ಎಲ್ಲಾವೂ ಅಡ್ಡಾನೇ ಬತ್ತವಲ್ಲ ಸಾರ್! ಮರನೇ ಇಲ್ದಿದ್ಮೇಲೆ ಟ್ರ್ಯಾಕ್ಟರ್ ಯಾಕೆ?"

ಗೌಡರ ದಡ್ಡತನಕ್ಕೆ ಮೇಷ್ಟ್ರು ಮರುಗಿದರು.

"ಅಷ್ಟೂ ದಿಮ್ಮಿ ಏನು ತಲೆ ಮೇಲೆ ಹೊರೋಕಾಗುತ್ತೇನ್ರೀ?"