ಬಿಚ್ಚಿದ ಶಾಲು

"ಇದೇ ಫೋಟೋ ಇನ್ನೊಬ್ಬರೂ ಹಾಕಿದ್ದಾರೆ ಅಮ್ಮಾ. ಶಾಲು ನೀವೇ ಹೆಣೆದಿದ್ದು ಅನ್ನೋಕೆ ಸಾಕ್ಷಿ ಏನು? ಇಲ್ಲಾಂದ್ರೆ ನಮ್ಮಲ್ಲಿರೋ ನಿಮ್ಮ ಅಂಗಡಿ ಮುಚ್ಚಬೇಕಾಗುತ್ತೆ," ಎಂದ ಆನ್‌ಲೈನ್ ಮಾರಾಟ ತಾಣದ ಅಧಿಕಾರಿ, ವಿಡಿಯೋ ಕರೆಯಲ್ಲಿ.

ಫೋನ್ ಹಿಡಿದಿದ್ದ ಸೊಸೆಯ ಮುಖ ಸಣ್ಣಗಾಯಿತು. ಅತ್ತೆ ಮಾತ್ರ ಮಡಿಲಲ್ಲಿದ್ದ ಬಳ್ಳಿ ವಿನ್ಯಾಸದ ಶಾಲಿನ ಅಂಚಿನ ಗಂಟು ಹುಡುಕಿ, ಕತ್ತರಿಸಿ, ಎಳೆಯನ್ನು ಜಗ್ಗಿದಳು. ಮೂರು ತಿಂಗಳ ಹೆಣಿಗೆ ಸರಸರನೆ ಬಿಚ್ಚತೊಡಗಿತು.

"ಅತ್ತೆ, ನಿಮಗೇನು ತಲೆ ಕೆಟ್ಟಿದೆಯಾ!"

"ಫೋನ್ ನೆಟ್ಟಗೆ ಹಿಡಿ ಕಣೇ." ಒಂದು ಗೇಣು ಬಿಚ್ಚಿದ ಮೇಲೆ ಅತ್ತೆ ಕುಣಿಕೆಗಳನ್ನು ಕಡ್ಡಿಗೇರಿಸಿ, ಅದೇ ಉಣ್ಣೆಯಲ್ಲಿ, ಅದೇ ಬಳ್ಳಿಯನ್ನು ಅಧಿಕಾರಿಯ ಕಣ್ಣೆದುರೇ ಹೆಣೆಯತೊಡಗಿದಳು. ಒಂದು ಎಲೆ ಮೂಡುವ ಹೊತ್ತಿಗೆ ಅವನು ಪರದೆಗೆ ಮುಖ ಹತ್ತಿರ ತಂದು ನೋಡುತ್ತಿದ್ದ.

"ಈಗ ಆ ಇನ್ನೊಬ್ಬನನ್ನೂ ಕರೆಸಪ್ಪಾ," ಅಂದಳು ಕೈ ನಿಲ್ಲಿಸದೆ. "ಫೋಟೋ ಕದ್ದೋನು ಕೈ ಎಲ್ಲಿಂದ ತರ್ತಾನೆ ನೋಡೋಣ."